ತ್ಯಾಗ ಯಾರದು, ಋಣ ಯಾರದು?





ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಪ್ರತಿವರ್ಷ ಅಂದು ಸೈನಿಕರ ಮತ್ತು ಅವರ ಕುಟುಂಬಗಳ ನೆರವಿಗೆ ದೇಣಿಗೆ ಸಂಗ್ರಹಿಸುತ್ತಾರೆ. ನಮ್ಮ ಮಂಡಲ ವ್ರತದ ನಡುವೆಯೇ ಬರುವ ದಿನ ಅದು. ಈ ವಾರದ ಬರಹ ಅದರ ಬಗ್ಗೆ ಇರಲಿ ಎಂಬ ಮಾತು ಬಂದಾಗ ನಾನೇ ಬರೆಯುತ್ತೇನೆ ಎಂದು ಕೇಳಿಕೊಂಡೆ. ನಾನು ದೊಡ್ಡ ಓದಿನವನಲ್ಲ. ಡಿಪ್ಲೊಮಾ ಮುಗಿಸಿ ಹಿಂಜವಡಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿ, ಪಾಸ್‌ವರ್ಡ್ ರೀಸೆಟ್ ಮಾಡಿಕೊಂಡು ಇರುವವನು. ಆದರೂ ಕೇಳಿಕೊಂಡು ಬರೆಯಲು ಕಾರಣವಿದೆ. ಹೋದ ವರ್ಷ ನಾನೊಂದು ತಪ್ಪು ಮಾಡಿದ್ದೆ.

ಹೋದ ವರ್ಷದ ಪಡಿಪೂಜೆಯ ದಿನ ಖಡಕಿ ಕಡೆ ಇರುವ ಒಬ್ಬ ತಾಯಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಫಲತಾಂಬೂಲ ಕೊಟ್ಟೆವು. ನಮ್ಮ ಬೆಳಗಾವಿ ಕಡೆಯವರು. ನಾನು ಅವರನ್ನು ಕಾಕು ಎಂದೇ ಕರೆಯುವುದು. ಅವರ ಯಜಮಾನರು ಸೇನೆಯಲ್ಲಿದ್ದು, ಸೇವೆಯಲ್ಲಿರುವಾಗಲೇ ತೀರಿಕೊಂಡವರು. ಮೈಕ್, ಪ್ರೊಜೆಕ್ಟರ್ ನನ್ನ ಜವಾಬ್ದಾರಿ. ಪರದೆಯ ಮೇಲೆ ಅವರ ಫೋಟೋ ಹಾಕಿ, ಕೆಳಗೆ ‘ಶತ್ರುವಿನ ಗುಂಡಿಗೆ ಎದೆಯೊಡ್ಡಿದ ವೀರಯೋಧ’ ಎಂದು ಟೈಪ್ ಮಾಡಿದೆ. ಯಾರನ್ನೂ ಕೇಳಲಿಲ್ಲ. ಸೈನಿಕ ಎಂದರೆ ಗುಂಡು, ಗುಂಡು ಎಂದರೆ ಎದೆ. ಕೈ ತಾನಾಗಿ ಬರೆಯಿತು. ಚಪ್ಪಾಳೆಯೂ ಚೆನ್ನಾಗಿ ಬಿತ್ತು. ವೇದಿಕೆಯ ಮೇಲೆ ಕಾಕು ತಲೆ ತಗ್ಗಿಸಿ ನಿಂತಿದ್ದರು. ದುಃಖ ಉಕ್ಕಿ ಬಂದಿರಬೇಕು ಎಂದುಕೊಂಡೆ.

ಈ ನವೆಂಬರ್‌ನಲ್ಲಿ ಅವರೇ ಫೋನ್ ಮಾಡಿದರು. ನವೆಂಬರ್ ಎಂದರೆ ನಮಗೆ ಮಾಲೆಯ ತಿಂಗಳು, ಪಿಂಚಣಿದಾರರಿಗೆ ಜೀವಂತ ಪ್ರಮಾಣಪತ್ರದ ತಿಂಗಳು. ನಾನಿನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ತೋರಿಸಬೇಕು. ಸೇನೆಯವರ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಕಾಕುವಿನ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ಇಷ್ಟು ವರ್ಷ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ತಿರುವಿ ಬೆರಳ ತುದಿಯೇ ಸವೆದುಹೋಗಿದೆ. ಸೆಂಟರ್‌ನವರು ಎರಡು ಸಲ ವಾಪಸ್ ಕಳಿಸಿದ್ದರಂತೆ. ಮುಖ ತೋರಿಸಿದರೂ ಆಗುತ್ತದೆ ಕಾಕು, ಫೋನಿನಲ್ಲೇ ಮಾಡೋಣ ಎಂದು ಭಾನುವಾರ ಅವರ ಮನೆಗೆ ಹೋದೆ.

ಫಾರ್ಮ್ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದೇ ಓದಿ ಹೇಳುತ್ತಿದ್ದೆ. ಹೆಸರು, ಪಿಪಿಒ ನಂಬರು, ಬ್ಯಾಂಕ್ ಖಾತೆ. ಮುಂದಿನ ಪ್ರಶ್ನೆ ಮರುಮದುವೆ ಆಗಿದೆಯೇ ಎಂಬುದು. ಕೊರಳಲ್ಲಿ ಮಾಲೆ, ಎದುರಿಗೆ ತಾಯಿ ವಯಸ್ಸಿನ ಹೆಂಗಸು. ನನಗೆ ಬಾಯಿ ಬರಲಿಲ್ಲ. ಸುಮ್ಮನೆ ‘ಇಲ್ಲ’ ಒತ್ತಲು ಹೊರಟಾಗ ಅವರೇ ನಕ್ಕರು.

“ಓದಪಾ ಸ್ವಾಮಿ, ಅದು ನನಗ ಗೊತ್ತಐತಿ. ವರ್ಷಾ ಕೇಳ್ತಾರ. ನನ್ನ ಬಗ್ಗೆ ವರ್ಷಾ ವರ್ಷಾ ಕೇಳೂದು ಅದೊಂದ ನೋಡು.”

ಆಮೇಲೆ ಫೋನ್ ಮುಖದ ಮುಂದೆ ಹಿಡಿದೆ. ಕಣ್ಣು ಮಿಟುಕಿಸಿ ಎಂದು ಆ್ಯಪ್ ಹೇಳಿತು, ಮಿಟುಕಿಸಿದರು. ಬದುಕಿದ್ದಾರೆ ಎಂದು ಸಾಬೀತಾಯಿತು. ಚಹಾ ಕೊಡುವಾಗ ಹೋದ ವರ್ಷದ ಮಾತು ತೆಗೆದರು. ಬೈಯಲಿಲ್ಲ.

“ನಮ್ಮ ಮನಿಯವರಿಗೆ ಗುಂಡ ಬಡದಿಲ್ಲೋ ತಮ್ಮಾ. ಗುಡ್ಡದಾಗ ಮಿಲಿಟರಿ ಗಾಡಿ ಉರುಳಿ ಹ್ವಾದ್ರು. ನೀ ಬರದಿದ್ದು ಓದಿ ಆವತ್ತ ರಾತ್ರಿ ಮಗಳು ಕೇಳಿದ್ಲು, ಅವ್ವಾ, ಇಷ್ಟ ದಿನ ನನಗ ಸುಳ್ಳ ಹೇಳಿದ್ದಿ ಏನ ಅಂತ.”

ತಂದೆ ಹೋದಾಗ ಆ ಮಗಳಿಗೆ ಎಂಟು ತಿಂಗಳು. ತಂದೆಯ ಬಗ್ಗೆ ಅವಳ ಹತ್ತಿರ ಇರುವುದು ತಾಯಿ ಹೇಳಿದ ಮಾತು ಮಾತ್ರ. ಎರಡು ನಿಮಿಷದ ಚಪ್ಪಾಳೆಗಾಗಿ ನಾನು ಅದರಲ್ಲೇ ಸಂಶಯ ಹಾಕಿ ಬಂದಿದ್ದೆ.

ಸ್ವಾಮಿಗಳೇ, ಅಂದಿನಿಂದ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಇದು. ನಾವು ಗೌರವ ಮಾಡುವುದು ಆ ಮನುಷ್ಯನನ್ನೋ, ನಮಗೆ ಬೇಕಾದ ಕಥೆಯನ್ನೋ? ಗಾಡಿ ಉರುಳಿದ್ದು ಎಂದು ಮೊದಲೇ ಗೊತ್ತಿದ್ದರೆ ನಾನು ಏನು ಬರೆಯುತ್ತಿದ್ದೆ? ನಿಜ ಹೇಳುವುದಾದರೆ ಸ್ವಲ್ಪ ನಿರಾಸೆಯೇ ಆಗುತ್ತಿತ್ತು.

2016ರ ಫೆಬ್ರವರಿ 3 ನೆನಪಿರಬಹುದು. ಸಿಯಾಚಿನ್‌ನ ಸೋನಂ ಠಾಣೆ, ಸುಮಾರು 19,600 ಅಡಿ ಎತ್ತರ. ಹಿಮ ಕುಸಿದು ಹತ್ತು ಯೋಧರು ಅಡಿಯಲ್ಲಿ ಸಿಕ್ಕಿಕೊಂಡರು. ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ಮಹಾರಾಷ್ಟ್ರದ ಮಕ್ಕಳು. ಈ ಗುಂಪಿನಲ್ಲಿ ನಾವು ಯಾವ ಯಾವ ಊರುಗಳಿಂದ ಓದುತ್ತಿದ್ದೇವೋ ಹೆಚ್ಚುಕಡಿಮೆ ಅದೇ ನಾಡುಗಳವರು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಉಸಿರಾಡುತ್ತಾ ಸಿಕ್ಕರು. ನಾನಾಗ ಹುಡುಗ, ನಮ್ಮೂರ ಗುಡಿಯಲ್ಲಿ ಅವರ ಹೆಸರಿನಲ್ಲಿ ಪೂಜೆ ಮಾಡಿಸಿದ್ದು ನೆನಪಿದೆ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹೋದರು. ಅವರಿಗೂ ಗುಂಡು ತಗುಲಿರಲಿಲ್ಲ. 1984ರಿಂದ ನಮ್ಮ ಸೇನೆ ಸಿಯಾಚಿನ್‌ನಲ್ಲಿದೆ. ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿಗೆ, ಹಿಮಕ್ಕೆ, ಎತ್ತರದ ಕಾಯಿಲೆಗೆ ಜೀವ ಕೊಟ್ಟವರೇ ಹೆಚ್ಚು. ಇಲ್ಲಿರು ಎಂದ ಜಾಗದಲ್ಲಿ ಇದ್ದರು. ಶೌರ್ಯ ಆ ಇರುವಿಕೆಯಲ್ಲೇ ಇತ್ತು. ಸಾವು ಯಾವ ದಾರಿಯಿಂದ ಬಂತು ಎನ್ನುವುದು ಅವರ ಕೈಯಲ್ಲಿರಲಿಲ್ಲ.

ಸರ್ಕಾರಕ್ಕೆ ಲೆಕ್ಕ ಬೇಕು, ಒಪ್ಪುತ್ತೇನೆ. ಯುದ್ಧದಲ್ಲಿ ಮಡಿದವರು ಬೇರೆ, ಸೇವೆಯಲ್ಲಿದ್ದಾಗ ಅಪಘಾತದಲ್ಲಿ ಮಡಿದವರು ಬೇರೆ, ಪಿಂಚಣಿಯೂ ಬೇರೆ. ಕೈಮುಗಿಯುವಾಗಲೂ ನಾವು ಅದೇ ರಿಜಿಸ್ಟರ್ ಹಿಡಿದು ಕೂರಬೇಕೇ?

ಇನ್ನೊಂದು ವಿಷಯ, ಆ ಮರುಮದುವೆ ಪ್ರಶ್ನೆಯ ಹಿಂದೆ ಬಿದ್ದು ಓದುವಾಗ ತಿಳಿದದ್ದು. ಶೌರ್ಯ ಪದಕ ಪಡೆದ ಯೋಧ ತೀರಿಕೊಂಡರೆ ಪದಕದ ಜೊತೆಗಿನ ಭತ್ಯೆ ಹೆಂಡತಿಗೆ ಬರುತ್ತದೆ. ಆಕೆ ಇನ್ನೊಂದು ಮದುವೆಯಾದರೆ ಅದು ನಿಲ್ಲುತ್ತಿತ್ತು. ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ರಕ್ಷಣಾ ಸಚಿವಾಲಯ ಈ ಷರತ್ತು ತೆಗೆದದ್ದು 2017ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ನಮ್ಮ ಗೌರವ ಆಕೆಗೆ ಹೇಳುತ್ತಿದ್ದದ್ದು ಏನು? ನೀನು ಹೀಗೇ ಇದ್ದರೆ ವೀರಪತ್ನಿ, ಮನೆಯ ಹೊರಗೆ ಕಾಲಿಟ್ಟರೆ ಯಾರೋ ಒಬ್ಬಳು. ಕಾಗದದಲ್ಲಿ ಷರತ್ತು ಹೋಗಿದೆ. ವೇದಿಕೆಯ ಮೇಲೆ ಹೋಗಿಲ್ಲ. ‘ಅಳಬೇಡಿ ತಾಯಿ, ನೀವು ವೀರಪತ್ನಿ’ ಎಂದು ನಾವು ಹೇಳುವಾಗ ಅಳುವ ಹಕ್ಕನ್ನೂ ಕಿತ್ತುಕೊಳ್ಳುತ್ತಿದ್ದೇವೆ.

ತ್ಯಾಗ ಎಂಬ ಮಾತು ನನಗೆ ತೊಡಕಾಗುವುದು ಇಲ್ಲಿ. ತ್ಯಾಗ ಎಂದರೆ ತಾನಾಗಿ ಬಿಡುವುದು. ಸೈನಿಕ ಪ್ರತಿಜ್ಞೆ ಮಾಡಿದ, ತಿಳಿದೇ ಹೋದ. ಆ ಮಾತು ಅವನದು. ಇಪ್ಪತ್ತೆರಡು ವರ್ಷದ ಹೆಂಡತಿ ಏನನ್ನು ಬಿಟ್ಟಳು? ಅವಳಿಂದ ಹೋಯಿತು. ಎಂಟು ತಿಂಗಳ ಕೂಸನ್ನು ಯಾರು ಕೇಳಿದ್ದರು? ಅದನ್ನು ನಾವು ತ್ಯಾಗ ಎಂದುಬಿಟ್ಟರೆ ಅವರು ಸಂತೋಷದಿಂದ ಕೊಟ್ಟಂತಾಯಿತು, ಲೆಕ್ಕ ಮುಗಿಯಿತು. ಋಣ ಎಂದರೆ ಲೆಕ್ಕ ನಮ್ಮ ಕಡೆ ಬಾಕಿ ಉಳಿಯುತ್ತದೆ. ಶಾಲಿನಿಂದ ತೀರುವುದಿಲ್ಲ.

ಇದನ್ನು ನಮ್ಮ ತಂಡದಲ್ಲಿರುವ ನಿವೃತ್ತ ಸುಬೇದಾರ್ ಸ್ವಾಮಿಗಳ ಮುಂದೆ ಹೇಳಿದೆ. ಅವರು ಪೂರಾ ಒಪ್ಪಲಿಲ್ಲ. “ಮಾತು ಕಸೀಬ್ಯಾಡ್ರಿ ಸ್ವಾಮಿ. ನನ್ನ ಹೆಂಡತಿ ಹದಿನೆಂಟು ವರ್ಷ ಒಬ್ಬಾಕಿನ ಮನಿ ನಡೆಸ್ಯಾಳ. ಅದನ್ನ ತ್ಯಾಗ ಅಂತ ಆಕಿ ಹೆಮ್ಮಿಯಿಂದ ಹೇಳ್ತಾಳ. ನೀವು ಯಾರು ಬ್ಯಾಡನ್ನಾಕ?” ಸರಿಯಾದ ಮಾತೇ. ಹೆಮ್ಮೆಯಿಂದ ಹೇಳುವ ತಾಯಂದಿರು, ಹೆಂಡಂದಿರು ಬಹಳ ಇದ್ದಾರೆ, ಆ ಹೆಮ್ಮೆ ಸುಳ್ಳಲ್ಲ. ಕರ್ನಲ್ ವಸಂತ್ ವೇಣುಗೋಪಾಲ್ ಅವರು 2007ರ ಜುಲೈ 31ರಂದು ಉರಿ ಬಳಿ ಹೋರಾಡಿ ಮಡಿದರು, ಅಶೋಕ ಚಕ್ರ ಬಂತು. ಅವರ ಪತ್ನಿ ಸುಭಾಷಿಣಿ ವಸಂತ್ ಬೆಂಗಳೂರಿನಲ್ಲಿ ವಸಂತರತ್ನ ಪ್ರತಿಷ್ಠಾನ ಕಟ್ಟಿ ಬೇರೆ ಹುತಾತ್ಮರ ಹೆಂಡತಿ ಮಕ್ಕಳ ಜೊತೆ ನಿಂತರು. ಅಂಥವರ ಬಾಯಲ್ಲಿ ಆ ಮಾತಿಗೆ ತೂಕವಿದೆ. ನಾನು ಹೇಳುವುದು ಇಷ್ಟೇ, ತ್ಯಾಗ ಎನ್ನುವುದು ಕೊಟ್ಟವರು ಆಡಬಹುದಾದ ಮಾತು. ಪಡೆದವರು ನಾವು, ನಮ್ಮ ಬಾಯಲ್ಲಿ ಇರಬೇಕಾದ ಮಾತು ಬೇರೆ. ಸುಬೇದಾರ್ ಸ್ವಾಮಿಗಳು ಇದಕ್ಕೆ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲೂ ಇಲ್ಲ.

ನಮಗಿದು ಗೊತ್ತಿಲ್ಲದ ವಿಷಯವೇ? ಮಾಲೆ ನನ್ನ ಕೊರಳಲ್ಲಿ, ಆದರೆ ನಸುಕಿನ ನಾಲ್ಕಕ್ಕೆ ಎದ್ದು ಮಡಿಯಲ್ಲಿ ಅಡುಗೆ ಮಾಡುವವಳು ನನ್ನ ಅಕ್ಕ. ಕಾಲಿಗೆ ಬೀಳುವವರು ನನಗೆ ಬೀಳುತ್ತಾರೆ. ನನ್ನದು ಬರೀ 41 ದಿನ.

ನಮ್ಮ ಸ್ವಾಮಿಯ ಕಥೆಯನ್ನೇ ನೋಡಿ. ಹುಲಿಹಾಲಿಗೆ ಕಾಡಿಗೆ ಹೋದ ಮಣಿಕಂಠ, ಮಹಿಷಿಯನ್ನು ಕೊಂದದ್ದು, ಹುಲಿ ಏರಿ ಬಂದದ್ದು, ಎಲ್ಲ ಹಾಡುತ್ತೇವೆ. ಮಗ ಅರಮನೆ ಬಿಟ್ಟು ಬೆಟ್ಟಕ್ಕೆ ಹೊರಟ ಮೇಲೆ ಪಂದಳದಲ್ಲಿ ತಂದೆ ಉಳಿದ. ಅವನ ಬಗ್ಗೆ ಹಾಡು ಕಡಿಮೆ. ಆದರೆ ಇಂದಿಗೂ ಪ್ರತಿವರ್ಷ ಮಕರ ಸಂಕ್ರಾಂತಿಗೆ ಮೊದಲು ಪಂದಳದಿಂದ ತಿರುವಾಭರಣದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು, ಮೂರು ದಿನ ಕಾಡುದಾರಿಯಲ್ಲಿ ನಡೆದು ಸನ್ನಿಧಾನಕ್ಕೆ ತರುತ್ತಾರೆ. ತಂದೆ ಮಗನಿಗೆಂದು ಮಾಡಿಸಿದ ಒಡವೆ ಎಂದು ನಂಬಿಕೆ. ನಾವು ಜ್ಯೋತಿ ನೋಡುವ ಭರದಲ್ಲಿ ಆಕಾಶ ನೋಡುತ್ತಿರುತ್ತೇವೆ, ಆ ಪೆಟ್ಟಿಗೆ ಯಾರ ಮನೆಯಿಂದ ಬಂತು ಎಂದು ನೆನೆಯುವುದಿಲ್ಲ. ಮಗನ ಮಹಿಮೆ ಲೋಕಕ್ಕೆಲ್ಲ ತಿಳಿದ ಮೇಲೂ ಆ ಮನೆಯಿಂದ ಪೆಟ್ಟಿಗೆ ವರ್ಷಾ ವರ್ಷಾ ಹೊರಟೇ ಬರುತ್ತದೆ. ಒಂದು ವರ್ಷವೂ ಸಾಕು ಎಂದಿಲ್ಲ.

ಕಾಕುವಿಗೆ ಕ್ಷಮೆ ಕೇಳಿದೆ. ಮಗಳಿಗೂ ಹೇಳಿದೆ, ಬರೆದದ್ದು ನಾನು, ನಿಮ್ಮ ಅವ್ವ ಹೇಳಿದ್ದೇ ನಿಜ ಎಂದು. ಅವಳು ತಂದೆಯ ಒಂದು ಹಳೆಯ ಫೋಟೋ ತಂದು ತೋರಿಸಿದಳು. ಲಾರಿಯ ಬಾನೆಟ್ಟಿಗೆ ಒರಗಿ ನಿಂತಿದ್ದಾರೆ, ಕೈಯಲ್ಲಿ ಬಂದೂಕಿಲ್ಲ, ಪಾನಾ ಇದೆ. ಗಾಡಿ ರಿಪೇರಿ ಅವರ ಕೆಲಸವಾಗಿತ್ತಂತೆ. ನನ್ನ ಹಾಗೆ ಸಪೋರ್ಟ್‌ನವರು.

ಹೊರಡುವಾಗ ಕಾಕು ಕೇಳಿದರು, “ನಿನ್ನ ಇರುಮುಡಿ ಕಟ್ಟೂ ದಿನ ಅವರ ಹೆಸರಲೆ ನಾನೂ ಒಂದ ಮುಷ್ಟಿ ಅಕ್ಕಿ ಹಾಕಲೇನ?” ಗುರುಸ್ವಾಮಿಗಳನ್ನು ಕೇಳಿದೆ, ಸಂತೋಷದಿಂದ ಒಪ್ಪಿದ್ದಾರೆ. ತಾಯಿ ಮಗಳು ಇಬ್ಬರೂ ಬರುತ್ತಾರೆ. ನಮ್ಮ ಪುಣೆಯ ಸ್ವಾಮಿಗಳಲ್ಲಿ ಒಂದು ವಿನಂತಿ, ದಯವಿಟ್ಟು ಅವತ್ತು ಶಾಲು ತರಬೇಡಿ. ಮೈಕ್ ಹೇಗೂ ನನ್ನ ಹತ್ತಿರವೇ ಇರುತ್ತದೆ, ನಾನು ಆನ್ ಮಾಡುವುದಿಲ್ಲ.

ಸ್ವಾಮಿ ಶರಣಂ.