ಹೋಗದೆ ಉಳಿದ ಪಾವಣ್ಯಾ

ಗದಗ ಜಿಲ್ಲೆಯ ಮಾಗಡಿ ಕೆರೆ ನಮ್ಮೂರಿಗೆ ದೂರವಲ್ಲ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಮೇಲೆ ಅದರ ಹೆಸರು ಎಲ್ಲೆಡೆ ಕೇಳುತ್ತಿದೆ. ನಮಗೆ ಮಾತ್ರ ಅಲ್ಲಿನ ಪಟ್ಟೆತಲೆ ಹೆಬ್ಬಾತುಗಳೆಂದರೆ ಚಳಿಗಾಲಕ್ಕೆ ಬಂದು ಹೊಲ ಮೇಯುವ ಹಕ್ಕಿಗಳು, ಅಷ್ಟೇ. ಗುಂಪುಗುಂಪಾಗಿ ಇರುವುದನ್ನು ಯಾರು ಒಂದೊಂದಾಗಿ ನೋಡುತ್ತಾರೆ? ಅದನ್ನು ಸರಿಯಾಗಿ ನೋಡಿದ್ದು ಪುಣೆಗೆ ಬಂದ ಮೇಲೆ.

ಪುಣೆಯಿಂದ ಸೋಲಾಪುರದ ದಾರಿಯಲ್ಲಿ ಸುಮಾರು 100 ಕಿ.ಮೀ. ಹೋದರೆ ಭಿಗವಣ. ಮುಂದೆ ನಮ್ಮ ವಿಜಯಪುರ, ಕಲಬುರಗಿ ಕಡೆ ಹರಿದು ಬರುವ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಹರಡಿಕೊಂಡಿದೆ. ಬೇಸಿಗೆಯಲ್ಲಿ ನೀರು ಇಳಿದು ಕೆಸರಿನ ದಂಡೆ ತೆರೆದುಕೊಳ್ಳುತ್ತದೆ. ತೀರಾ ಇಳಿದ ವರ್ಷ ಪಳಸದೇವದ ಮುಳುಗಿದ ಗುಡಿಯೂ ಮೇಲೆ ಕಾಣುತ್ತದೆ. ತೆಳು ನೀರಿನಲ್ಲಿ ಕೊಕ್ಕು ತಲೆಕೆಳಗು ಮಾಡಿ ಸೋಸಿ ತಿನ್ನುವ ರಾಜಹಂಸಗಳನ್ನು ನೋಡಲು ಜನ ಹೋಗುತ್ತಾರೆ. ಮೇ ತಿಂಗಳ ಒಂದು ಬೆಳಿಗ್ಗೆ ನಾನೂ ಧಾರವಾಡದ ಗೆಳೆಯನೂ ಹೋದದ್ದು ಅದಕ್ಕೇ.

ಕಂಡದ್ದು ಬೇರೆ. ದಂಡೆಯ ಹುಲ್ಲಿನಲ್ಲಿ ಒಂಟಿ ಹೆಬ್ಬಾತು. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಇದರ ಬಳಗ ಅಷ್ಟು ಹೊತ್ತಿಗೆ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಲು ಹೋಗಿರುತ್ತದೆ. ಮೇ ತಿಂಗಳಲ್ಲಿ ಪಟ್ಟೆತಲೆ! ಗೆಳೆಯ ಕುಣಿದಾಡಿದ. ನಾನೂ ಕುಣಿದೆ, ಸುಳ್ಳೇಕೆ? ದೋಣಿಯವ ಮಾತ್ರ, "ಪಾವಣಾ ಗೇಲಾಚ ನಾಹೀ" ಅಂದ. ಪಾವಣ್ಯಾ ಹೋಗೇ ಇಲ್ಲ.

"ಇನ್ನ ಸ್ವಲ್ಪ ಹತ್ರ ಹೋಗೂಣು, ಹಾರಿದ್ರ ರೆಕ್ಕಿ ಫೋಟೊ ಸಿಗ್ತದ" ಅಂದ ಗೆಳೆಯ. ನಾನು ಬೇಡ ಅನ್ನಲಿಲ್ಲ. ದೋಣಿ ಸರಿಯಿತು. ಹಕ್ಕಿ ಮೇಯುವುದನ್ನು ಬಿಟ್ಟು ಕತ್ತೆತ್ತಿತು. ನಾಲ್ಕು ಹೆಜ್ಜೆ ಓಡಿ ರೆಕ್ಕೆ ಬಿಚ್ಚಿತು. ಎಡದ್ದು ಪೂರ್ತಿ ಬಿಚ್ಚಿತು, ಬಲದ್ದು ಅರ್ಧ. ಗೆಳೆಯ ಕ್ಯಾಮೆರಾ ಕೆಳಗಿಟ್ಟ.

ನಾವು ಅಪರೂಪ ಅಂದದ್ದು ಅದರ ಕಷ್ಟಕ್ಕೆ. ಹಾಗಾದರೆ ಆ ಸಂತೋಷ ತಪ್ಪೆ? ನೋಡುವುದೇ ತಪ್ಪು ಅನ್ನಲಾರೆ. ನೋಡಲು ಜನ ಬರುವುದರಿಂದಲೇ ದೋಣಿಯವನ ಒಲೆ ಉರಿಯುತ್ತದೆ, ನೀರಿಗೂ ನಾಲ್ಕು ಜನ ಕೇಳುವವರು ಇರುತ್ತಾರೆ. ಆದರೆ ನೋಡುವುದು ಬೇರೆ, "ಯಾಕೆ ಹೋಗಲಿಲ್ಲ, ತೋರಿಸು" ಅನ್ನುವುದು ಬೇರೆ. ಗುಂಪಿನಲ್ಲಿ ಒಂದಿಷ್ಟು ಹಕ್ಕಿ ಕಾವಲಿದ್ದರೆ ಉಳಿದವು ನೆಮ್ಮದಿಯಾಗಿ ಮೇಯುತ್ತವೆ. ಒಂಟಿಯಾದದ್ದಕ್ಕೆ ಕಾವಲೂ ತನ್ನದೇ, ಹೊಟ್ಟೆಯೂ ತನ್ನದೇ. ನಾವು ಹತ್ತಿರ ಹೋದಷ್ಟೂ ಅದರ ತುತ್ತು ತಪ್ಪುತ್ತದೆ.

ಇದು ನನಗೆ ಮೊದಲೇ ತಿಳಿಯಬೇಕಿತ್ತು. ಊರಿಗೆ ಹೋದರೆ "ಯಾವಾಗ ಬಂದ್ರಿ?" ಅನ್ನುವವರು ಬೆನ್ನಿಗೇ "ಯಾವಾಗ ಹೊಂಟ್ರಿ?" ಅನ್ನುತ್ತಾರೆ. ಪುಣೆಯಲ್ಲಿ ಕೇಳುವುದು, "ಇಷ್ಟು ವರ್ಷ ಆದರೂ ವಾಪಸ್ ಊರಿಗೆ ಹೋಗಲಿಲ್ಲವೇ?" ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಾರೆ. ಪ್ರತಿ ಸಲವೂ ಅರ್ಧ ರೆಕ್ಕೆ ಬಿಚ್ಚಿ ತೋರಿಸುವ ಕೆಲಸ ಮಾತ್ರ ನನ್ನದು.

ನಾವು ಹೇಳುವ ಮೊದಲೇ ದೋಣಿಯವ ಹಿಂದೆ ಸರಿದ. ಹಕ್ಕಿ ಮತ್ತೆ ತಲೆ ತಗ್ಗಿಸಿ ಮೇಯುವವರೆಗೆ ದೂರದಲ್ಲಿ ಕಾದೆವು. ಗೆಳೆಯ ಆ ಫೋಟೊ ಯಾರಿಗೂ ಕಳಿಸಲಿಲ್ಲ. ಕಳಿಸಿದ್ದರೆ ಮರುದಿನ ಹತ್ತು ದೋಣಿ ಬರುತ್ತಿದ್ದವು.

ಈಗ ಚಳಿಗಾಲದಲ್ಲಿ ಊರಿಗೆ ಹೋದಾಗ ಮಾಗಡಿ ಕೆರೆಯ ಏರಿಯ ಮೇಲೆ ಕೂರುತ್ತೇನೆ. ಅಷ್ಟು ದೊಡ್ಡ ಗುಂಪಿನಲ್ಲಿ ಒಂದನ್ನಾದರೂ ಒಂದಾಗಿ ನೋಡಿ ಬರುತ್ತೇನೆ.