ಕಂಡ ನೋವು, ಕಾಣದ ನೋವು



2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನ ಗುಡ್ಡ ಕುಸಿದು, ನಿದ್ರಿಸುತ್ತಿದ್ದ ಊರುಗಳು ಕೊಚ್ಚಿಹೋದುದು ನಿಮಗೆ ನೆನಪಿರಬೇಕು. ಆ ವಾರ ಅವೇ ದೃಶ್ಯಗಳನ್ನು ನಾವು ಎಷ್ಟು ಬಾರಿ ನೋಡಿದೆವು? ಊಟದ ತಟ್ಟೆಯ ಮುಂದೆ ಟಿ.ವಿ.ಯಲ್ಲಿ, ಮಲಗುವ ಮುನ್ನ ಮೊಬೈಲಿನಲ್ಲಿ ನೋಡುತ್ತಲೇ ಇದ್ದೆವು. ನೋಡದಿದ್ದರೆ ನೊಂದವರನ್ನು ಮರೆತಂತಾದೀತೆಂಬ ಅಳುಕೂ ಇತ್ತು. ಆದರೆ ಪರರ ನೋವನ್ನು ನೋಡುತ್ತಲೇ ಇರುವುದು ಕರುಣೆಯೇ?

2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮ್ಯಾರಥಾನ್ ಓಟದ ವೇಳೆ ಬಾಂಬುಗಳು ಸ್ಫೋಟಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮುಂದಿನ ವಾರಗಳಲ್ಲಿ ಜನರನ್ನು ವಿಚಾರಿಸಿದರು. ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತಲೂ ಹೆಚ್ಚಿನ ಮಾನಸಿಕ ಒತ್ತಡ ಕಂಡುಬಂದಿತು. ಮೊದಲೇ ಕಳವಳಗೊಂಡವರು ಹೆಚ್ಚು ನೋಡಿರಲೂಬಹುದು. ಆದರೂ ಇದು ಯೋಚಿಸತಕ್ಕ ಸಂಗತಿ. ಕಣ್ಣೆದುರಿನ ಘಟನೆ ಒಮ್ಮೆ ನಡೆದು ಮುಗಿಯುತ್ತದೆ. ಪರದೆಯ ಮೇಲೆ ಅದು ಮತ್ತೆ ಮತ್ತೆ ನಡೆಯುತ್ತದೆ. ಸ್ಥಳದಲ್ಲಿರುವವನು ಗಾಯಾಳುವನ್ನು ಎತ್ತಿಯಾನು. ದೂರದ ನೋಡುಗನ ಕೈಗೆ ಕೆಲಸವಿಲ್ಲ. ಕೆಲಸವಿಲ್ಲದ ಮರುಕವು ಒಳಗೇ ಉಳಿದು ಭಯವಾಗಿ, ನಿದ್ರಾಹೀನತೆಯಾಗಿ, ಕೊನೆಗೆ ಉದಾಸೀನವಾಗಿ ಪರಿಣಮಿಸುತ್ತದೆ.

ಭಯವು ನಮ್ಮೊಳಗಷ್ಟೇ ಉಳಿಯುವುದೂ ಇಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನವರನ್ನು, ವಾಟ್ಸಾಪ್‌ನಲ್ಲಿ ಹರಡಿದ ಮಕ್ಕಳ ಕಳ್ಳರ ವದಂತಿಯನ್ನು ನಂಬಿದ ಗುಂಪು ಥಳಿಸಿತು; ಒಬ್ಬ ತರುಣ ಪ್ರಾಣ ತೆತ್ತನು. ಅಂಥ ಸಂದೇಶಗಳನ್ನು ಮುಂದೆ ಕಳುಹಿಸುವವರೆಲ್ಲರೂ ದುಷ್ಟರಲ್ಲ. ತಮ್ಮ ಮಕ್ಕಳಿಗಾಗಿ ಹೆದರಿದ ತಂದೆತಾಯಂದಿರೂ ಅವರಲ್ಲಿರುತ್ತಾರೆ. ಅದೇ ತಿಂಗಳು ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳುಹಿಸುವ ಮಿತಿಯನ್ನು ಘೋಷಿಸಿತು. ಆ ಐದರಲ್ಲಿ ಮೊದಲನೆಯದನ್ನು ಕಳುಹಿಸಬೇಕೇ ಎಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು.

ಹಾಗಾದರೆ ಸುದ್ದಿಯನ್ನೇ ತ್ಯಜಿಸಬೇಕೇ? ಖಂಡಿತ ಬೇಡ. ನಾಡಿನ ಕಷ್ಟಸುಖ ತಿಳಿಯದವನು ತನ್ನ ಹೊಣೆಯನ್ನೂ ಅರಿಯಲಾರ. ಆದರೆ ತಿಳಿಯಲು ಬೆಳಗಿನ ಪತ್ರಿಕೆ, ಸಂಜೆಯ ಒಂದು ವಾರ್ತೆ ಸಾಕು. ಬಳಿಕ ನಮ್ಮನ್ನೇ ಕೇಳಿಕೊಳ್ಳೋಣ: ಈ ವಿಷಯದಲ್ಲಿ ನಾನೇನು ಮಾಡಬಲ್ಲೆ? ಪರಿಹಾರಕ್ಕೆ ಹಣ ಕೊಡಬಹುದು, ಅಲ್ಲಿರುವ ಪರಿಚಿತರಿಗೆ ಫೋನು ಮಾಡಬಹುದು. ಅದನ್ನು ಮಾಡಿದ ಮೇಲೆ ಪರದೆಯನ್ನು ಆರಿಸುವುದು ನಿರ್ದಯತೆಯಲ್ಲ. ಊಟದ ಹೊತ್ತಿನಲ್ಲಿ ಮೊಬೈಲುಗಳು ಕಪಾಟಿನಲ್ಲಿರಲಿ, ಮಲಗುವ ಕೋಣೆಗೆ ಬಾರದಿರಲಿ. ಈ ನಿಯಮವನ್ನು ಮಕ್ಕಳಿಗೆ ಹೇಳುವ ಮುನ್ನ ಹಿರಿಯರು ಪಾಲಿಸಲಿ.

ಏಕೆಂದರೆ ನಾವು ದೂರದೂರಿನ ದುಃಖಕ್ಕೆ ಕಣ್ಣೀರಿಡುತ್ತಿರುವಾಗ, ಪಕ್ಕದ ಕೋಣೆಯಿಂದ ವಯಸ್ಸಾದ ತಾಯಿ ಎರಡು ಬಾರಿ ಕರೆದು, ಉತ್ತರ ಬಾರದೆ ಸುಮ್ಮನಾಗಿರುತ್ತಾರೆ. ಆ ನೋವು ಯಾವ ವಾರ್ತೆಯಲ್ಲೂ ಬರುವುದಿಲ್ಲ. ಅದಕ್ಕೆ ಸ್ಪಂದಿಸಬಲ್ಲವರು ನಾವು ಮಾತ್ರ. ಇಂದು ರಾತ್ರಿ ಸ್ವಲ್ಪ ಬೇಗನೆ ಮೊಬೈಲನ್ನು ಕೆಳಗಿಟ್ಟು ಅವರ ಬಳಿ ಕುಳಿತುಕೊಳ್ಳಿ. ಮಂಡಿನೋವು ಹೇಗಿದೆಯೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಆಲಿಸಿ.