ನೋಡೋಣ ಅಪ್ಪಾ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಅಂದ ಕೂಡಲೇ ಬೆಂಗಳೂರಿನಲ್ಲಿ ಎಲ್ಲರೂ ಕೇಳೋದು ಒಂದೇ: "ಓ, ದೇವೇಗೌಡ್ರ ಊರಾ?" ಹೌದು, ಅವರು ಹುಟ್ಟಿದ ಊರೇ. ಮಾತು ಅಲ್ಲಿಗೆ ಮುಗಿಯುತ್ತೆ. ನಾನೀಗ ಹೇಳಹೊರಟಿರೋದು ಕಪ್ಪುಕುಳಿಯ ವಿಷಯ. ಆದರೆ ಅದು ಶುರುವಾಗಿದ್ದು ಆ ಊರಿನ ನಮ್ಮ ಮನೆ ಜಗಲಿ ಮೇಲೆ.

ಹಬ್ಬಕ್ಕೆ ಹೋಗಿದ್ದೆ. ರಾತ್ರಿ ಕರೆಂಟ್ ಇರಲಿಲ್ಲ. ಹೈಸ್ಕೂಲು ಓದೋ ಅಕ್ಕನ ಮಗ ನನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ತಾತನಿಗೆ ತೋರಿಸುತ್ತಿದ್ದ. 2019ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಚಿತ್ರ ಅದು: ಕಿತ್ತಳೆ ಬಣ್ಣದ ಬಳೆ, ನಡುವೆ ಕತ್ತಲು. ಎಂ87 ಅನ್ನೋ ಗ್ಯಾಲಕ್ಸಿಯ ಹೊಟ್ಟೆಯಲ್ಲಿ ಕೂತಿರೋ, ಸೂರ್ಯನ ಸುಮಾರು 650 ಕೋಟಿ ಪಟ್ಟು ತೂಕದ ಕಪ್ಪುಕುಳಿ. "ಇದ್ರೊಳಗೆ ಬಿದ್ರೆ ಬೆಳಕೂ ವಾಪಸ್ ಬರಲ್ಲ ತಾತ" ಅಂದ ಹುಡುಗ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಹೋದೋರು ಯಾರೂ ವಾಪಸ್ ಬರಲ್ಲ ಅಂದ್ಮೇಲೆ, ಸುದ್ದಿ ಯಾರ್ಲಾ ತಂದೋರು?"

ಬಿಇ ಓದಿದ ನಾನು ತಬ್ಬಿಬ್ಬಾದೆ. ಆಮೇಲೆ ನೆನಪಾದವರು ಸಿ. ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ನಮ್ಮ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ಆ ರಸ್ತೆಯಲ್ಲಿ ದಿನಾ ಟ್ರಾಫಿಕ್‌ನಲ್ಲಿ ನಿಲ್ಲೋ ನಮ್ಮಲ್ಲಿ ಎಷ್ಟು ಜನಕ್ಕೆ ಅವರು ಗೊತ್ತೋ! ಕಪ್ಪುಕುಳಿ ಅನ್ನೋದು ಇನ್ನೂ ಬರೀ ಕಾಗದದ ಮೇಲಿನ ಗಣಿತವಾಗಿದ್ದ ಕಾಲದಲ್ಲಿ, 1970ರಲ್ಲಿ, ಅವರು ಹೆಚ್ಚುಕಮ್ಮಿ ಅಪ್ಪನ ಪ್ರಶ್ನೆಯನ್ನೇ ಹಾಕಿಕೊಂಡಿದ್ದರು. ನೋಡೋಕಾಗಲ್ಲ ಸರಿ, ತಟ್ಟಿ ನೋಡಿದರೆ? ಗುರುತ್ವದ ಅಲೆ ಬಂದು ಬಡಿದರೆ ಕಪ್ಪುಕುಳಿ ಗಂಟೆಯ ಹಾಗೆ ಒಂದು ಗಳಿಗೆ ಮಿಡಿದು ಸುಮ್ಮನಾಗುತ್ತೆ, ಆ ಮಿಡಿತದಲ್ಲೇ ಅದರ ತೂಕ ತಿಳಿಯುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದ ಅಲೆಯನ್ನು ಹಿಡಿದವು. ಅಲೆ ಹೊರಟು ಸುಮಾರು 130 ಕೋಟಿ ವರ್ಷ ಆಗಿತ್ತು. ಅದರ ಬಾಲದಲ್ಲಿ ವಿಶ್ವೇಶ್ವರ ಹೇಳಿದ್ದಂಥ ಮಿಡಿತವೇ ಇತ್ತು. 2016ರ ಫೆಬ್ರವರಿಯಲ್ಲಿ ಈ ಸುದ್ದಿ ಹೊರಬಂತು. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ನಲವತ್ತೈದು ವರ್ಷ ಕಾದು, ಕೇಳಿಸಿಕೊಂಡು ಹೋದರು.

ಅಪ್ಪನಿಗೆ ಇಷ್ಟೇ ಹೇಳಿದೆ: "ಎಳನೀರು ಕೆತ್ತೋಕೆ ಮುಂಚೆ ಮಚ್ಚಲ್ಲಿ ತಟ್ಟಿ ನೋಡ್ತೀಯಲ್ಲ, ನೀರೋ ಗಂಜಿಯೋ ಅಂತ, ಹಂಗೆ." "ಅಂಗಾದ್ರೆ ಸರಿ" ಅಂದರು. ವಾದವೇ ಇಲ್ಲ!

ಹುಡುಗನದು ಮುಂದಿನ ಪ್ರಶ್ನೆ: "ಒಳಕ್ಕೆ ಬೀಳೋನಿಗೆ ಗೊತ್ತಾಗುತ್ತಾ ಮಾವ?" ನಾವು ಚಿಕ್ಕವರಿದ್ದಾಗ ನಾಲೆಯಲ್ಲಿ ಈಜುತ್ತಿದ್ದೆವು. ತೂಬಿನ ಹತ್ತಿರ ಹೋಗಬೇಡ್ರೋ ಅಂತ ದೊಡ್ಡವರು ಕೂಗುತ್ತಿದ್ದರು. ತೂಬಿಗಿಂತ ಸ್ವಲ್ಪ ಮೊದಲು ಒಂದು ಜಾಗ ಇರುತ್ತೆ. ಅಲ್ಲಿಂದಾಚೆ ನಿನ್ನ ರಟ್ಟೆಯ ಶಕ್ತಿಗಿಂತ ನೀರಿನ ಸೆಳೆತ ಜಾಸ್ತಿ. ಆದರೆ ಆ ಜಾಗದಲ್ಲಿ ನೀರಿನ ಮೇಲೆ ಯಾರೂ ಗೆರೆ ಎಳೆದಿರಲ್ಲ. ಘಟನಾ ದಿಗಂತ ಅಂದರೆ ಅದೇ, ಅಲ್ಲಿ ಸೋಲೋದು ಬೆಳಕು. ಎಂ87ರಂಥ ಭಾರೀ ಕುಳಿಯಾದರೆ ಗೆರೆ ದಾಟುವಾಗ ಮೈಗೆ ಒಂದು ಜಗ್ಗೂ ತಿಳಿಯಲ್ಲ. ಹೊರಗೆ ನಿಂತವನ ಕಥೆಯೇ ಬೇರೆ. ಅವನ ಕಣ್ಣಿಗೆ ಬೀಳುವವನು ನಿಧಾನವಾಗುತ್ತಾ, ಕೆಂಪಾಗುತ್ತಾ, ಮಂಕಾಗುತ್ತಾ ಹೋಗುತ್ತಾನೆ. ದಾಟಿದ್ದನ್ನು ಮಾತ್ರ ಅವನು ಯಾವತ್ತೂ ನೋಡಲ್ಲ. ಇವನ ಗಡಿಯಾರದಲ್ಲಿ ದಾಟಿ ಆಗಿದೆ, ಅವನ ಲೆಕ್ಕದಲ್ಲಿ ಇನ್ನೂ ಅಂಚಿನಲ್ಲೇ ಇದ್ದಾನೆ. ಐನ್‌ಸ್ಟೈನ್ ಪ್ರಕಾರ ಇಬ್ಬರೂ ಸುಳ್ಳು ಹೇಳ್ತಿಲ್ಲ.

ಇದನ್ನು ವಿವರಿಸುವಾಗ ಜಗಲಿಯ ಆ ಕಡೆ ಅಪ್ಪ ನನ್ನನ್ನೇ ನೋಡುತ್ತಿದ್ದರು. ನನ್ನ ಮಾತು ಅಲ್ಲಿಗೆ ತಡವರಿಸಿತು.

ನಮಗೆ ಎರಡು ಎಕರೆ ತೋಟ ಇದೆ. ಹನ್ನೆರಡು ವರ್ಷದಿಂದ ಅಪ್ಪ ವರ್ಷಕ್ಕೊಮ್ಮೆ ಕೇಳ್ತಾರೆ, "ಬತ್ತೀಯೇನ್ಲಾ, ಇಲ್ಲಾ ಯಾರಿಗಾದ್ರೂ ಕೊಟ್ಬಿಡ್ಲಾ?" ನಾನು ಹನ್ನೆರಡು ವರ್ಷದಿಂದ "ನೋಡೋಣ ಅಪ್ಪಾ" ಅಂತಿದ್ದೀನಿ. ಬಸ್ಸು ಹತ್ತಿದ ದಿನ ನಾನೇನೂ ಊರು ಬಿಟ್ಟಿರಲಿಲ್ಲ. ಮೊದಲ ಸಂಬಳ, ಮದುವೆ, ಫ್ಲಾಟಿನ ಲೋನು, ಮಗಳ ಸ್ಕೂಲು, ಇವುಗಳ ನಡುವೆ ಎಲ್ಲೋ ದಾಟಿಬಿಟ್ಟಿದ್ದೀನಿ. ಎಲ್ಲಿ ಅಂತ ಕೇಳಿದರೆ ನನಗೂ ಗೊತ್ತಿಲ್ಲ. ಅಪ್ಪನಿಗೆ ಮಾತ್ರ ನಾನಿನ್ನೂ ಅಂಚಿನಲ್ಲಿ ನಿಂತ ಹುಡುಗ.

ಇಬ್ಬರದೂ ನಿಜವೇ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ನಮ್ಮಂಥವರು ಸಾಮಾನ್ಯವಾಗಿ ಮಾಡೋದೂ ಅದನ್ನೇ: ವಿಜ್ಞಾನದಿಂದ ಒಂದು ಹೋಲಿಕೆ ಕದ್ದು ನಮ್ಮ ಸೋಮಾರಿತನಕ್ಕೆ ಹೊದಿಸೋದು. ಇಡೀ ವಿಶ್ವವೇ ಹೀಗಿದೆ ಅಂತಲೂ ಹೇಳಬಹುದು. ಅದು ಹಿಗ್ಗುತ್ತಿರುವ ವೇಗಕ್ಕೆ, ಸುಮಾರು 1,600 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆಯ ಗ್ಯಾಲಕ್ಸಿಗಳಿಂದ ಇವತ್ತು ಹೊರಟ ಬೆಳಕು ನಮ್ಮನ್ನು ಎಂದೂ ತಲುಪಲ್ಲ. ಕಾಣೋದು ಅವುಗಳ ಹಳೇ ಬೆಳಕಷ್ಟೇ. ಆದರೆ ಗ್ಯಾಲಕ್ಸಿಗೆ ಬೇರೆ ದಾರಿ ಇಲ್ಲ. ಗೆರೆ ದಾಟಿದವನು ಒಳಗಿಂದ ಎಷ್ಟು ಕೂಗಿದರೂ ಹೊರಗೆ ಕೇಳಲ್ಲ. ನನ್ನ ಜೇಬಿನಲ್ಲಿ ಫೋನಿದೆ, ಮೆಜೆಸ್ಟಿಕ್‌ನಲ್ಲಿ ಬಸ್ಸಿದೆ. ಬರೋಕಾಗಲ್ಲ ಅನ್ನೋದು ಬೇರೆ, ಬರಲ್ಲ ಅನ್ನೋದು ಬೇರೆ. ಬರಲ್ಲ ಅನ್ನೋದು ತಪ್ಪೇನಲ್ಲ ಅಂತ ಈಗಲೂ ನಂಬಿದ್ದೀನಿ. ಅದನ್ನು ಹೇಳದೆ, ಹಳೇ ಬೆಳಕನ್ನೇ ವರ್ಷ ವರ್ಷ ಕಳಿಸಿ ಒಬ್ಬ ಮುದುಕನನ್ನು ಕಾಯಿಸಿದ್ದು?

ಬೆಂಗಳೂರಿಗೆ ಬಂದು ಹದಿನೈದು ದಿನ ತಡಮಾಡಿ ಒಂದು ಭಾನುವಾರ ಫೋನ್ ಮಾಡಿದೆ. "ಅಪ್ಪಾ, ನಾನು ಬರಲ್ಲ. ತೋಟದ್ದು ನಿನಗೆ ಹೆಂಗೆ ಸರಿ ಅನ್ನಿಸುತ್ತೋ ಹಂಗೆ ಮಾಡು" ಅಂದೆ. ಆ ಕಡೆ ತುಂಬಾ ಹೊತ್ತು ಸದ್ದಿಲ್ಲ. ಹಿಂದೆ ಎಲ್ಲೋ ಮೋಟಾರು ಓಡೋದು ಕೇಳ್ತಿತ್ತು.

"ಇದ್ನ ಹತ್ತು ವರ್ಷದ ಹಿಂದೆ ಹೇಳಿದ್ರೆ ಬೋರು ಹಾಕ್ಸಿದ್ ದುಡ್ಡಾದ್ರೂ ಉಳೀತಿತ್ತಲ್ಲೋ" ಅಂದರು. ಆಮೇಲೆ, "ಕಾಯಿ ಕೆಡವ್ಸಿದೀನಿ. ಬಸ್ಸಿಗೆ ಒಂದ್ ಮೂಟೆ ಹಾಕ್ಲಾ?"